‘ಸ್ಥಾಪನೆ’ ಅನ್ನೋ ಕಾಲಂ ತಂದ ತಾಪತ್ರಯ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹತ್ತು ಕ್ಯಾಂಪಸ್‌ಗಳಿವೆ. ಹತ್ತೇ ಸಾಲಿನ ಪಟ್ಟಿ, ಒಂದು ಸಂಜೆಯಲ್ಲಿ ಸರಿ ಮಾಡಿಬಿಡ್ತೀನಿ ಅಂತ ಕೈ ಹಾಕಿದೆ. ಮೂರು ವಾರ ಹಿಡಿಯಿತು.

ಹಳೆಯ ಪಟ್ಟಿಯನ್ನು ಯಾರೋ ಕನ್ನಡದಲ್ಲಿ ಮಾಡಿಟ್ಟಿದ್ದರು. ಹೆಸರು, ಊರು, ಸ್ಥಾಪನೆ, ವಿದ್ಯಾರ್ಥಿಗಳು ಅಂತ ನಾಲ್ಕು ಕಾಲಂ. ನೋಡೋಕೆ ಚೆನ್ನಾಗಿಯೇ ಇತ್ತು. ಸ್ಥಾಪನೆಯ ವರ್ಷದ ಪ್ರಕಾರ ಜೋಡಿಸಿ ನೋಡಿದೆ. ಸ್ಯಾನ್ ಫ್ರಾನ್ಸಿಸ್ಕೊ ಎಲ್ಲಕ್ಕಿಂತ ಮೇಲೆ ಬಂದು ಕೂತಿತು. ವರ್ಷ 1864. ಆದರೆ ವಿಶ್ವವಿದ್ಯಾಲಯ ಹುಟ್ಟಿದ್ದೇ 1868ರ ಮಾರ್ಚ್ 23ರಂದು. ಅಮ್ಮನಿಗಿಂತ ಮಗಳೇ ನಾಲ್ಕು ವರ್ಷ ದೊಡ್ಡವಳು!

1864 ಸುಳ್ಳೇನಲ್ಲ. ಟೋಲಂಡ್ ಮೆಡಿಕಲ್ ಕಾಲೇಜು ಶುರುವಾದ ವರ್ಷ ಅದು. ಆ ಕಾಲೇಜು ವಿಶ್ವವಿದ್ಯಾಲಯದ ತೆಕ್ಕೆಗೆ ಬಂದದ್ದು 1873ರಲ್ಲಿ. ಸರಿ, ಬೇರೆಲ್ಲದಕ್ಕೂ ಹೀಗೆ ಮೂಲದ ವರ್ಷವನ್ನೇ ಹಾಕಿದ್ದಾರಾ ಅಂತ ನೋಡಿದರೆ, ಅದೂ ಇಲ್ಲ. ಲಾಸ್ ಏಂಜಲೀಸ್ ಎದುರು 1919 ಇತ್ತು. ಅಲ್ಲಿ 1882ರಿಂದಲೇ ಶಿಕ್ಷಕರ ತರಬೇತಿ ಶಾಲೆ ನಡೆಯುತ್ತಿತ್ತು. 1919ರಲ್ಲಿ ಅದು ವಿಶ್ವವಿದ್ಯಾಲಯದ ದಕ್ಷಿಣ ಶಾಖೆಯಾಯಿತು. ಸಾಂಟಾ ಬಾರ್ಬರಾಗೆ ಮತ್ತೆ ಮೂಲದ ವರ್ಷ, 1891. ವಿಶ್ವವಿದ್ಯಾಲಯಕ್ಕೆ ಸೇರಿದ್ದು ಮಾತ್ರ 1944ರಲ್ಲಿ. ಅಂದ್ರೆ ಒಂದೊಂದು ಸಾಲಿಗೆ ಒಂದೊಂದು ಅಳತೆಗೋಲು.

ಕಾಲಂ ಅನ್ನು ಎರಡು ಮಾಡಿದೆ: ‘ಮೂಲ ಸಂಸ್ಥೆಯ ಆರಂಭ’ ಮತ್ತು ‘ವಿಶ್ವವಿದ್ಯಾಲಯಕ್ಕೆ ಸೇರ್ಪಡೆ’. ಮುಗೀತು ಅಂದುಕೊಂಡೆ. ಆಗ ಡೇವಿಸ್ ಅಡ್ಡ ಬಂತು. ಅದು ಎಲ್ಲಿಂದಲೂ ಬಂದು ಸೇರಿದ್ದಲ್ಲ. 1905ರ ಕಾನೂನಿನಿಂದ ಹುಟ್ಟಿದ ವಿಶ್ವವಿದ್ಯಾಲಯದ್ದೇ ಹೊಲ. ಪೂರ್ಣ ಕ್ಯಾಂಪಸ್ ಆಗಿದ್ದು 1959ರಲ್ಲಿ. ರಿವರ್‌ಸೈಡ್ ಕಥೆಯೂ ಹೆಚ್ಚುಕಮ್ಮಿ ಅದೇ. 1907ರಲ್ಲಿ ಕಿತ್ತಳೆ, ನಿಂಬೆ ಜಾತಿಯ ಬೆಳೆಗಳ ಪ್ರಯೋಗ ಕೇಂದ್ರ, 1954ರಲ್ಲಿ ಕಾಲೇಜು, 1959ರಲ್ಲಿ ಪೂರ್ಣ ಕ್ಯಾಂಪಸ್. ಸ್ಯಾನ್ ಡಿಯಾಗೊಗಂತೂ ಮೂರು ವರ್ಷ: ಕಡಲ ಸಂಶೋಧನೆಯ ಸ್ಕ್ರಿಪ್ಸ್ ಸಂಸ್ಥೆ 1903ರದ್ದು, ಅದು ಸೇರಿದ್ದು 1912ರಲ್ಲಿ, ಕ್ಯಾಂಪಸ್ ಆದದ್ದು 1960ರಲ್ಲಿ. ಮೂರನೇ ಕಾಲಂ ಹಾಕಿ ನೋಡಿದೆ. ಅರ್ಧಕ್ಕರ್ಧ ಖಾಲಿ. ಕೊನೆಗೆ ಎರಡೇ ಕಾಲಂ ಉಳಿಸಿಕೊಂಡೆ. ಎರಡನೆಯದರ ಹೆಸರನ್ನು ‘ಕ್ಯಾಂಪಸ್ ಆದದ್ದು ಅಥವಾ ಸೇರಿದ್ದು’ ಅಂತ ಬದಲಿಸಿ, ಉಳಿದ ಕಥೆಯನ್ನು ಷರಾ ಜಾಗಕ್ಕೆ ತಳ್ಳಿದೆ. ಹೆಸರು ಉದ್ದ, ಅಂದವಿಲ್ಲ. ಆದರೂ ಸುಳ್ಳು ಹೇಳಲ್ಲ. 1965ರ ಇರ್ವೈನ್, ಸಾಂಟಾ ಕ್ರೂಜ್ ಏನೂ ಕಾಟ ಕೊಡಲಿಲ್ಲ, ಪುಣ್ಯಕ್ಕೆ.

ವಿದ್ಯಾರ್ಥಿಗಳ ಸಂಖ್ಯೆಯದು ಬೇರೆ ಗೋಳು. ಮರ್ಸೆಡ್ ಎದುರು 875 ಅಂತಿತ್ತು. ಅದು 2005ರಲ್ಲಿ ಕ್ಯಾಂಪಸ್ ಬಾಗಿಲು ತೆರೆದಾಗಿನ ಲೆಕ್ಕ! ಉಳಿದವು ಬೇರೆಬೇರೆ ವರ್ಷದವು. ಎಲ್ಲವನ್ನೂ ಒಂದೇ ವರ್ಷದ ಶರತ್ಕಾಲದ ದಾಖಲಾತಿಗೆ ತಂದು, ಯಾವ ವರ್ಷದ್ದು ಅಂತ ಕಾಲಂ ತಲೆಯಲ್ಲೇ ಬರೆದೆ. ಪದವಿ ಮತ್ತು ಸ್ನಾತಕೋತ್ತರ ಅಂತ ಬೇರೆ ಮಾಡಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪದವಿ ಕೋರ್ಸುಗಳಿಲ್ಲ, ಹಾಗಾಗಿ ಆ ಮನೆ ಖಾಲಿ ಬಿಟ್ಟಿದ್ದೆ. ತಿದ್ದಲು ಕೊಟ್ಟ ಗೆಳೆಯ, ‘ಇದೊಂದು ತುಂಬೋಕೆ ಮರೆತಿದ್ದೀಯಲ್ಲಾ’ ಅಂದ. ‘ಇಲ್ಲ’ ಅಂತ ಬರೆದರೆ ಜೋಡಣೆ ಕೆಟ್ಟಿತು. 0 ಹಾಕಿದೆ.

ಜೋಡಣೆ ಕೆಡಲು ಇನ್ನೊಂದು ಕಾರಣವೂ ಇತ್ತು. ಕೆಲವು ಸಾಲಿನಲ್ಲಿ 1965, ಕೆಲವು ಸಾಲಿನಲ್ಲಿ ೧೯೬೫. ನಮ್ಮ ಕಣ್ಣಿಗೆ ಎರಡೂ ಒಂದೇ, ಆದರೆ ನಾನು ಬಳಸಿದ ತಂತ್ರಾಂಶ ಕನ್ನಡ ಅಂಕಿಯನ್ನು ಅಕ್ಷರ ಅಂದುಕೊಂಡು ಕೊನೆಗೆ ತಳ್ಳುತ್ತಿತ್ತು. ಇದು ಗೊತ್ತಾಗೋಕೆ ಎರಡು ಸಂಜೆ ಸುಮ್ನೆ ಹಾಳಾದವು.

ಹೆಸರು ಬರೆಯುವಾಗ ನಾನೂ ಎಡವಿದೆ. ಸ್ಯಾನ್ ಡಿಯಾಗೊ ಕ್ಯಾಂಪಸ್ ಇರುವ ಜಾಗವನ್ನು ‘ಲಾ ಜೊಲ್ಲಾ’ ಅಂತ ಬರೆದಿದ್ದೆ. ಅದು ಸ್ಪ್ಯಾನಿಷ್ ಹೆಸರು, ‘ಲಾ ಹೋಯಾ’ ಅನ್ನಬೇಕು. ಕನ್ನಡದಲ್ಲಿ ಬರೆದದ್ದನ್ನೇ ಓದುತ್ತಾರೆ, ತಪ್ಪಿಸಿಕೊಳ್ಳೋಕೆ ಆಗಲ್ಲ ಅಲ್ವಾ.

ಪಟ್ಟಿ ಮುಗಿದ ಮೇಲೂ ಒಂದು ಪ್ರಶ್ನೆ ಬರುತ್ತಲೇ ಇತ್ತು: ಸ್ಯಾನ್ ಫ್ರಾನ್ಸಿಸ್ಕೊದ ಕಾನೂನು ಕಾಲೇಜು ಎಲ್ಲಿ? 1878ರಲ್ಲಿ ಹೇಸ್ಟಿಂಗ್ಸ್ ಹೆಸರಲ್ಲಿ ಶುರುವಾದ ಅದು 2023ರಲ್ಲಿ ಯುಸಿ ಲಾ ಸ್ಯಾನ್ ಫ್ರಾನ್ಸಿಸ್ಕೊ ಆಯಿತು. ಹೆಸರಲ್ಲಿ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಇದೆ, ಆದರೆ ಅದಕ್ಕೆ ತನ್ನದೇ ಆಡಳಿತ ಮಂಡಳಿ ಇದೆ. ಹತ್ತರ ಲೆಕ್ಕಕ್ಕೆ ಬರಲ್ಲ. ಹನ್ನೊಂದನೇ ಸಾಲಾಗಿ ಸೇರಿಸದೆ, ಕೋಷ್ಟಕದ ಕೆಳಗೆ ಎರಡು ವಾಕ್ಯದಲ್ಲಿ ಬರೆದಿಟ್ಟೆ. ಆಮೇಲೆ ಆ ಪ್ರಶ್ನೆ ಬರಲಿಲ್ಲ.