ಮಾಲೀಕರು ದುಬೈಯಲ್ಲಿ, ಕೆಲಸ ಮುಲುಂಡಿನಲ್ಲಿ: ಐಟಂ ರೇಟಿನಲ್ಲೇ ಮುಗಿದ ರಿನೊವೇಶನ್

“ಮಾಲೀಕರು ಊರಲ್ಲಿಲ್ಲದ ಮನೆಗೆ ಐಟಂ ರೇಟು ನಡೆಯಲ್ಲ ಮಾರಾಯ್ರೆ, ಚದರಡಿಗೆ ಇಷ್ಟು ಅಂತ ಒಟ್ಟಿಗೆ ಗುತ್ತಿಗೆ ಮಾಡಿ ಬಿಡಿ” ಅಂತ ಮುಂಬೈಯಲ್ಲಿ ಮನೆ ರಿನೊವೇಶನ್ ಕೆಲಸದಲ್ಲಿರುವ ನಮ್ಮವರೆಲ್ಲ ಹೇಳಿದ್ದರು. ಐಟಂ ರೇಟು ಅಂದರೆ ಒಂದೊಂದು ಕೆಲಸಕ್ಕೂ ಬೇರೆ ದರ, ಅಳತೆಯಂತೆ ಹಣ. ಮುಲುಂಡಿನ ಈ ಟೂ ಬಿಎಚ್‌ಕೆ ಸುಮಾರು 650 ಚದರಡಿ ಕಾರ್ಪೆಟ್ (ಗೋಡೆಗಳ ಒಳಗಿನ ನೆಲದ ಅಳತೆ), ಕಟ್ಟಡಕ್ಕೆ ಮೂವತ್ತು ವರ್ಷ ದಾಟಿದೆ. ಮಾಲೀಕರು ದುಬೈಯಿಂದ ಕದಲದೆ, ಪೂರ್ತಿ ಐಟಂ ರೇಟಿನಲ್ಲೇ ಕೆಲಸ ಮುಗಿಯಿತು. ಕೆಲಸ ಮಾಡಿಸಿದ ನಾನು 16 ಲಕ್ಷದ ಅಂದಾಜು ಕೊಟ್ಟಿದ್ದೆ, ಖರ್ಚು ಹದಿನೈದೂಕಾಲು ಲಕ್ಷದ ಆಸುಪಾಸು. ಉಳಿದದ್ದು ಅವರ ಖಾತೆಯಲ್ಲೇ ಉಳಿಯಿತು. ಹೇಳಿದವರು ಈಗ ನನ್ನ ಅಳತೆ ಹಾಳೆಯ ಫೋಟೋ ಕೇಳುತ್ತಿದ್ದಾರೆ.

ಚದರಡಿ ಲೆಕ್ಕ ಕೈಕೊಡುವುದು ಬಾತ್‌ರೂಮಿನಲ್ಲಿ. 450 ಚದರಡಿ ಮನೆಗೂ ಎರಡು ಸಂಡಾಸು, 650ಕ್ಕೂ ಎರಡೇ. ಒಡೆಯುವುದು, ವಾಟರ್‌ಪ್ರೂಫಿಂಗ್, ಪೈಪು, ನಲ್ಲಿ ಎಲ್ಲ ಹೆಚ್ಚುಕಡಿಮೆ ಅಷ್ಟೇ. ಬಣ್ಣದ ಲೆಕ್ಕ ಬೇರೆ: ಗೋಡೆ, ಸೀಲಿಂಗ್ ಸೇರಿ ಕಾರ್ಪೆಟ್‌ನ ಸುಮಾರು ಮೂರೂವರೆ ಪಟ್ಟು. ಎಲ್ಲವನ್ನೂ ಒಂದೇ ದರಕ್ಕೆ ಕಟ್ಟಿದ ಗುತ್ತಿಗೆದಾರ, ಕಮ್ಮಿ ಬಿದ್ದದ್ದನ್ನು ಕಾಣದ ಕಡೆ ಉಳಿಸುತ್ತಾನೆ. ಕಾಣದ ಕಡೆ ಅಂದರೆ ನಹಾನಿ ಟ್ರ್ಯಾಪಿನ (ಬಾತ್‌ರೂಮಿನ ನೀರು ಹೋಗುವ ಬಾಯಿ) ಕೆಳಗೆ.

ನೆನಪಿನಿಂದ ಹೇಳುವ ಅಂದಾಜಿನ ಅಂಕಿಗಳು, ಜಿಎಸ್‌ಟಿ ಸೇರಿಸಿ: ಒಡೆಯುವುದು ಮತ್ತು ರಾಬಿಟ್ (ಒಡೆದ ಚೂರು, ಮಣ್ಣು) ಸಾಗಣೆ 70 ಸಾವಿರ, ಎರಡು ಬಾತ್‌ರೂಮು ಫಿಟ್ಟಿಂಗ್ ಸಮೇತ ಮೂರೂಕಾಲು ಲಕ್ಷ, ಅಡುಗೆಮನೆ ಎರಡೂಕಾಲು, ನೆಲ ಒಂದೂಕಾಲು, ವೈರಿಂಗ್ ಒಂದೂವರೆ, ಅಲ್ಯೂಮಿನಿಯಂ ಕಿಟಕಿ 90 ಸಾವಿರ, ಪಿಒಪಿ ಮತ್ತು ಬಣ್ಣ ಒಂದು ಲಕ್ಷದ ಹದಿನೈದು ಸಾವಿರ, ಬಡಗಿ ಕೆಲಸ ಮೂರು ಲಕ್ಷ. ಮೇಲೆ ಎರಡು ಲಕ್ಷ ‘ಗೋಡೆಯೊಳಗಿನ ಖರ್ಚು’ ಅಂತ ಬೇರೆಯೇ ಇಡಿಸಿದ್ದೆ. ಒಳಗೆ ಜಿಐ (ಸತುವು ಲೇಪದ ಕಬ್ಬಿಣದ) ಪೈಪಿರುವ ಹಳೇ ಕಟ್ಟಡವಾದರೆ ನೂರಕ್ಕೆ ಹದಿನೈದರಷ್ಟು ಇದಕ್ಕೆ ಬೇಕು. ಹೊಸ ಕಟ್ಟಡವಾದರೆ ಎಂಟು ಸಾಕು. ಇಲ್ಲಿ ಆ ಹಣ ಹೋದದ್ದು ಅಡುಗೆಮನೆಯ ಛಜ್ಜಾಕ್ಕೆ (ಕಿಟಕಿ ಮೇಲಿನ ಚಾಚು). ಪ್ಲಾಸ್ಟರ್ ಕೆರೆದರೆ ಸರಳು ತುಕ್ಕು ಹಿಡಿದು ಉಬ್ಬಿತ್ತು.

ಹಣ ಬಿಡುವ ಕ್ರಮವೇ ಈ ಪದ್ಧತಿಯ ಜೀವ. ಸಾಮಾನಿನ ಹಣ ನನ್ನ ಕೈಗೆ ಬರುವುದೇ ಇಲ್ಲ. ಅಂಗಡಿಯ ಕೊಟೇಶನ್ ನಾನು ಕಳಿಸುತ್ತೇನೆ, ಮಾಲೀಕರು ಎನ್‌ಆರ್‌ಒ ಖಾತೆಯಿಂದ (ಅನಿವಾಸಿ ಭಾರತೀಯರ ರೂಪಾಯಿ ಖಾತೆ) ನೇರ ಅಂಗಡಿಗೆ ಹಾಕುತ್ತಾರೆ, ತೆರಿಗೆ ಸಮೇತದ ಪಕ್ಕಾ ಬಿಲ್ಲು ಅವರ ಹೆಸರಿಗೆ. ಕಚ್ಚಾ ಬಿಲ್ಲಿನಲ್ಲಿ ತೆರಿಗೆ ಉಳಿಯಿತು ಅಂತ ಖುಷಿಪಡುವವರು ಮುಂದೆ ಮನೆ ಮಾರುವಾಗಿನ ಲೆಕ್ಕ ಮರೆತಿರುತ್ತಾರೆ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭದ ಮೇಲೆ ಎನ್‌ಆರ್‌ಐಗಳಿಗೆ ಇಂಡೆಕ್ಸೇಶನ್ (ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆ ಏರಿಸಿ ಲೆಕ್ಕ ಹಾಕುವ ಸೌಲಭ್ಯ) ಇಲ್ಲದ 12.5% ತೆರಿಗೆ. ಸುಧಾರಣೆಯ ಖರ್ಚನ್ನು ಆ ಲಾಭದಿಂದ ಕಳೆಯಬೇಕಾದರೆ ಕಾಗದ ಬೇಕು. ಬರೀ ಬಣ್ಣ ಬಳಿಸಿದ್ದು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ, ಯಾವುದು ಸೇರುತ್ತದೆ ಅಂತ ಅವರ ಸಿಎ ಹೇಳಲಿ. ಇನ್ನೊಂದು ಮಾತು: ದಿರ್ಹಮ್ ಡಾಲರಿಗೆ ಕಟ್ಟಿಕೊಂಡದ್ದು, ರೂಪಾಯಿ ಇಳಿದರೆ ಮಾಲೀಕರಿಗೆ ಬಜೆಟ್ಟು ಬೆಳೆದಂತೆ ಕಾಣುತ್ತದೆ. ಕೆಲಸದ ನಡುವೆ ಇಟಾಲಿಯನ್ ಮಾರ್ಬಲ್ ಆಸೆ ಹುಟ್ಟುವುದು ಆಗಲೇ. ಆದ್ದರಿಂದ ಪೂರ್ತಿ ಹಣ ಮೊದಲೇ ರೂಪಾಯಿಗೆ ಬದಲಾಯಿಸಿ ಇಡಿಸುತ್ತೇನೆ.

ಮಜೂರಿ ತಾರೀಖಿಗೆ ಸಿಗುವುದಿಲ್ಲ, ಪರೀಕ್ಷೆ ಪಾಸಾದರೆ ಸಿಗುತ್ತದೆ. ಪರೀಕ್ಷೆಯೂ ಫೋನಿನಲ್ಲಿ ಕಾಣುವಂಥದ್ದೋ ಕೇಳುವಂಥದ್ದೋ ಆಗಿರಬೇಕು.

ಬಾತ್‌ರೂಮನ್ನೇ ತಗೊಳ್ಳಿ. ಹಳೇ ಕಟ್ಟಡಗಳಲ್ಲಿ ಸಂಕನ್ ಭಾಗ (ಪೈಪುಗಳಿಗಾಗಿ ತಗ್ಗಿಸಿದ ನೆಲ) ಒಂದಡಿಯಷ್ಟು ಆಳ, ಒಳಗೆ ಇಟ್ಟಿಗೆ ಚೂರು ತುಂಬಿ, ವರ್ಷಗಟ್ಟಲೆ ನೀರು ಕುಡಿದು ಕೂತಿರುತ್ತದೆ. ಅದನ್ನು ಸ್ಲ್ಯಾಬ್ ಕಾಣುವವರೆಗೆ ತೆಗೆಯಲೇಬೇಕು. ಮೇಲಿಂದ ಕೆಮಿಕಲ್ ಬಳಿದು ಟೈಲ್ಸ್ ಹಾಕುತ್ತೇನೆ ಎನ್ನುವವನನ್ನು ಅಲ್ಲೇ ಬಿಡಿ. ಒಡೆಯುವ ಕೆಲಸಕ್ಕೆ ಕಲಬುರಗಿ ಕಡೆಯ ಗ್ಯಾಂಗು ಬಂದಿತ್ತು. ಕನ್ನಡದಲ್ಲೇ “ಸ್ಲ್ಯಾಬಿಗೆ ಬ್ರೇಕರ್ ಹಚ್ಚಬ್ಯಾಡ್ರಿ, ಸುತ್ತಿಗಿ ಉಳಿ ಸಾಕ್ರಿ” ಅಂದರೆ ಮಾತು ಅಲ್ಲಿಗೆ ಮುಗಿಯಿತು. ಇದೇ ಮಾತನ್ನು ಬೇರೆ ಗ್ಯಾಂಗಿಗೆ ಮೂರು ಸಲ ಹೇಳಬೇಕಾಗುತ್ತದೆ. ಆಮೇಲೆ ಪೈಪು ಹಾಯುವ ತೂತುಗಳಿಗೆ ನಾನ್‌ಶ್ರಿಂಕ್ ಗ್ರೌಟ್ (ಒಣಗಿದರೂ ಕುಗ್ಗದ ಗಾರೆ), ಗೋಡೆ ನೆಲ ಸೇರುವಲ್ಲಿ ವಾಟಾ (ಮೂಲೆ ತುಂಬುವ ಗಾರೆಯ ಓರೆ), ಪಾಲಿಮರ್ ಸಿಮೆಂಟ್ ಲೇಪ ಒಂದಕ್ಕೊಂದು ಅಡ್ಡಡ್ಡ ಎರಡು ಕೋಟು. ಲೇಪ ಗೋಡೆಗೆ ಒಂದಡಿ ಹತ್ತಬೇಕು, ಶವರ್ ಕಡೆ ಆರಡಿ. ನಂತರ ಪೈಪಿನ ಬಾಯಿಗಳನ್ನು ಮುಚ್ಚಿ ಎರಡು ಮೂರು ಇಂಚು ನೀರು ನಿಲ್ಲಿಸಿ 72 ಗಂಟೆ.

ಇಲ್ಲೇ ಜಗಳ ಹುಟ್ಟುವುದು. ನೀರು ಇಳಿದರೆ ‘ಆವಿಯಾಯಿತು’ ಅಂತ ಕಡಿಯಾ (ಗಾರೆ ಕೆಲಸದವನು), ‘ಸೋರಿತು’ ಅಂತ ಮಾಲೀಕರು. ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗೋಡೆಗೂ ಪೆನ್ಸಿಲ್ ಗೆರೆ ಹಾಕಿ, ಆ ದಿನದ ಪೇಪರು ಜೊತೆಗಿಟ್ಟು ಫೋಟೋ. ಬಕೆಟ್ಟಿನಲ್ಲಿ ಇಳಿದಷ್ಟೇ ನೆಲದಲ್ಲೂ ಇಳಿದಿದ್ದರೆ ಪಾಸು. ಜಾಸ್ತಿ ಇಳಿದರೆ ಹಣ ನಿಲ್ಲುತ್ತದೆ. ಇಲ್ಲಿ ಒಂದು ಬಾತ್‌ರೂಮು ಮೊದಲ ಸಲ ಫೇಲಾಯಿತು: ಕಮೋಡಿನ 110 ಎಂಎಂ ಪೈಪಿನ ಸುತ್ತ ಗ್ರೌಟು ಒಂದು ಕಡೆ ಕಚ್ಚಿರಲಿಲ್ಲ. ಲೇಪದ ಹಂತದಲ್ಲಿ ಸಿಕ್ಕಿದ್ದಕ್ಕೆ ರಿಪೇರಿ ಸಾವಿರದೊಳಗೆ ಮುಗಿಯಿತು. ಟೈಲ್ಸ್ ಕೂತ ಮೇಲೆ ಸಿಕ್ಕಿದ್ದರೆ ಕೆಳಗಿನವರ ಸೀಲಿಂಗೂ ಸೇರಿ ಅರ್ಧ ಲಕ್ಷ. ಮೇಲೆ ಬ್ರಿಕ್‌ಬ್ಯಾಟ್ ಕೋಬಾ (ಇಟ್ಟಿಗೆ ಚೂರು, ಗಾರೆಯ ಪದರ) ಆದ ಮೇಲೆ ಇನ್ನೊಮ್ಮೆ ನೀರು ನಿಲ್ಲಿಸಬೇಕು. ಇದನ್ನು ಬಿಡುವವರೇ ಹೆಚ್ಚು.

ಸಿಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ನೀರಿನ ಪೈಪಿಗೆ ಪ್ಲಾಸ್ಟರ್ ಮುಚ್ಚುವ ಮೊದಲು ಹ್ಯಾಂಡ್ ಪಂಪಿನಿಂದ ಚದರ ಸೆಂಟಿಮೀಟರಿಗೆ ಆರೇಳು ಕೇಜಿ ಒತ್ತಡ, ಗೇಜಿನ ಫೋಟೋ ಸಂಜೆ ಒಂದು, ಬೆಳಿಗ್ಗೆ ಒಂದು. ಟೈಲ್ಸಿಗೆ ರೂಪಾಯಿ ನಾಣ್ಯ ತಟ್ಟುತ್ತಾ ಹೋಗುವ ವಿಡಿಯೋ. ಟೊಳ್ಳು ಸದ್ದು ವಾಟ್ಸಾಪಿನಲ್ಲೂ ಚೆನ್ನಾಗಿಯೇ ಕೇಳುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಹಾಗಾಗಿ ಇಲ್ಲಿ ಮಜೂರಿ ಬಟವಾಡೆಯ ಹೊತ್ತಿಗೆ ಅವರು ಆಫೀಸಿನಲ್ಲೇ ಸಿಗುತ್ತಾರೆ.

ವೈರಿಂಗಿನಲ್ಲಿ ದರಕ್ಕಿಂತ ‘ಪಾಯಿಂಟ್’ ಅಂದರೆ ಏನು ಎನ್ನುವುದನ್ನು ಬರೆಸಿಕೊಳ್ಳಿ. ಟೂ ವೇ ಸ್ವಿಚ್ಚನ್ನು ಎರಡು ಪಾಯಿಂಟ್ ಅಂತ ಎಣಿಸಿದರೆ ಅರವತ್ತು ಚಿಲ್ಲರೆ ಪಾಯಿಂಟಿನ ಮನೆ ಎಂಬತ್ತಕ್ಕೆ ಏರುತ್ತದೆ. ವೈರು ಲೈಟಿಗೆ 1.5, ಪವರ್ ಸಾಕೆಟ್ಟಿಗೆ 2.5, ಎಸಿ ಮತ್ತು ಗೀಜರಿಗೆ 4 ಚದರ ಎಂಎಂ, ಒಟ್ಟಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು). ಕಾಂಡ್ಯೂಟ್ (ವೈರು ಹಾಯುವ ಪೈಪು) ಕೂತ ಮೇಲೆ ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆದಿಡಿ. ಪರದೆ ರಾಡಿಗೆ ಡ್ರಿಲ್ ಹಾಕುವ ದಿನ ನೆನಪಾಗುತ್ತದೆ.

ಬಡಗಿಗೆ ಶೀಟಿನ ಲೆಕ್ಕದಲ್ಲಿ ಕೊಟ್ಟರೆ ಪ್ಲೈ ಚೂರುಗಳ ರಾಶಿ ಬೀಳುತ್ತದೆ, ಮುಂಭಾಗದ ಚದರಡಿಗೆ ಕೊಟ್ಟರೆ ಒಳಗಿನ ಶೆಲ್ಫು ಕಮ್ಮಿಯಾಗುತ್ತದೆ. ಮುಂಭಾಗದ ಲೆಕ್ಕವೇ ಇರಲಿ, ಆದರೆ ಆಳ ಎಷ್ಟು, ಶೆಲ್ಫ್ ಎಷ್ಟು, ಡ್ರಾಯರಿಗೆ ಬೇರೆಯೋ ಎನ್ನುವುದು ಕಾಗದದಲ್ಲಿರಲಿ. ಎರಡಡಿ ಆಳದ 7×7 ಅಡಿ ವಾರ್ಡ್‌ರೋಬಿಗೆ 18 ಎಂಎಂ 8×4 ಅಡಿ ಶೀಟು ಆರು, ಹಿಂಬದಿಗೆ 6 ಎಂಎಂ ಎರಡು. ಎಂಟು ಕೇಳಿದ ಬಡಗಿಯ ಜೊತೆ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಕಟಿಂಗ್ ಬರೆದು ತೋರಿಸಿದ್ದೇ ಸಾಕಾಯಿತು. ಸಿಂಕಿನ ಕೆಳಗೆ ಹಾಕಿಸಿದ್ದು ಐಎಸ್ 710 (ನೀರು ತಡೆಯುವ ಮರೈನ್ ಪ್ಲೈ), ಉಳಿದೆಡೆ ಐಎಸ್ 303ರ ಬಿಡಬ್ಲ್ಯೂಆರ್ (ಕುದಿನೀರು ತಾಳುವ ಪ್ಲೈ). ಮುದ್ರೆ ನಂಬದೆ ತುಂಡೊಂದನ್ನು ಕುದಿಸಿ ನೋಡಿ. ಪ್ಲೈ ಅಂಗಡಿಯಲ್ಲಿ ದರ ಇಳಿಸುವ ಉಪಾಯ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ವಿದೇಶದಿಂದ ನಲ್ಲಿ ತರುತ್ತೇನೆ ಎನ್ನುವ ಮಾಲೀಕರಿಗೆ ಮೊದಲೇ ಎಚ್ಚರಿಸಿ. ಅಮೆರಿಕದ್ದಾದರೆ ಎನ್‌ಪಿಟಿ ಮಾದರಿಯ ಥ್ರೆಡ್ (ತಿರುಪಿನ ಸುತ್ತು), ನಮ್ಮದು ಬಿಎಸ್‌ಪಿ ಮಾದರಿ. ಅರ್ಧ ಇಂಚಿನಲ್ಲಿ ಇಂಚಿಗೆ ಸುತ್ತು ಎರಡರಲ್ಲೂ 14, ಆದರೆ ಸುತ್ತಿನ ಕೋನ ಬೇರೆ. ಕೂತಂತೆ ಕಂಡು ಆಮೇಲೆ ಜಿನುಗುತ್ತದೆ.

ಒಂದು ಬೆಡ್‌ರೂಮಿನಲ್ಲಿ ಹಳೇ ಟೈಲ್ಸ್ ಮೇಲೆಯೇ ಅಡ್ಹೆಸಿವ್ ಹಾಕಿ ಹೊಸದು ಕೂರಿಸಿ ನೋಡಿದೆ. ರಾಬಿಟ್ ಖರ್ಚು ಉಳಿಯಿತು, ಬಾಗಿಲು ಅರ್ಧ ಇಂಚಿನಷ್ಟು ಕೊಯ್ಯಬೇಕಾಯಿತು. ಭಾರದ ವಿಷಯ ಸೊಸೈಟಿಯ ಎಂಜಿನಿಯರು ಎತ್ತಿದ್ದರಿಂದ ಉಳಿದ ಕೋಣೆಗೆ ಮುಂದುವರಿಸಲಿಲ್ಲ. ನಾಣ್ಯ ತಟ್ಟಿದರೆ ಇವತ್ತಿಗೂ ಗಟ್ಟಿ. ನೆಲ ಸುಮಾರು 500 ಚದರಡಿ, 600×1200 ಎಂಎಂ ಟೈಲ್ಸಿನ ಬಾಕ್ಸು ಹದಿನೈದೂವರೆ ಚದರಡಿ, ಕಟಿಂಗ್ ಸೇರಿ 35 ಬಾಕ್ಸು. ಮೇಲೆ ಅದೇ ಬ್ಯಾಚಿನ ಎರಡು ಬಾಕ್ಸು ಅಟ್ಟಕ್ಕೆ.

ಸೊಸೈಟಿಗೆ ಮಾಲೀಕರ ಸಹಿಯ ಅಧಿಕಾರ ಪತ್ರ ಬೇಕು, ಡೆಪಾಸಿಟ್ ಅವರ ಖಾತೆಯಿಂದಲೇ ಹೋಗಲಿ, ವಾಪಸು ಅಲ್ಲಿಗೇ ಬರುತ್ತದೆ. ದೀಪಾವಳಿ ಮುಗಿದ ಕೂಡಲೇ ಶುರು ಮಾಡಿ. ಹೋಳಿ ಹಬ್ಬಕ್ಕೆ ಯುಪಿ, ಬಿಹಾರದ ಕಾರಿಗರು ಊರಿಗೆ ಹೋದರೆ ಯಾವಾಗ ಬರುತ್ತಾರೋ ಹೇಳಲಾಗದು. ಮಜೂರಿಯ ಐದು ಪರ್ಸೆಂಟ್ ಮಳೆಗಾಲ ದಾಟುವವರೆಗೆ ಹಿಡಿದಿಡುವುದು ಮೊದಲ ದಿನವೇ ಬರೆದಿರಬೇಕು. ಕಿಟಕಿ ಫ್ರೇಮಿನ ಸಿಲಿಕೋನ್ ಸರಿಯಿದೆಯೇ ಅಂತ ಜುಲೈ ಮಳೆಯೇ ಹೇಳುತ್ತದೆ. ಇಲ್ಲಿ ಹಾಲ್‌ನ ಪಶ್ಚಿಮದ ಕಿಟಕಿಯಲ್ಲಿ ಜಿನುಗಿತು. ಅಲ್ಯೂಮಿನಿಯಂನವನು ಬಂದು ಹೊರಗಿನ ಗ್ರಾನೈಟ್ ಪಟ್ಟಿಯ ಇಳಿಜಾರು ಸರಿಮಾಡಿ ಹೊಸದಾಗಿ ತುಂಬಿಸಿದ. ಅವನ ಬಾಕಿ ಸೆಪ್ಟೆಂಬರಿನಲ್ಲಿ ಚುಕ್ತಾ ಆಯಿತು.