ಸ್ಪ್ರೇ ಡಬ್ಬ ಅಂದ್ರೆ ವಾಸನೆ ಇಲ್ಲದ ಗ್ಯಾಸ್ ಸಿಲಿಂಡರ್

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್‌ನಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಆಯುಧ ಪೂಜೆಯ ಸಂಜೆ. ಮೆಷಿನ್‌ಗಳನ್ನೆಲ್ಲ ಒರೆಸಿ, ಲೇತ್ ಬುಡ ಚೆನ್ನಾಗಿ ಕಾಣಲಿ ಅಂತ ಹುಡುಗರು ಒಂದೂವರೆ ಡಬ್ಬ ಸಿಲ್ವರ್ ಸ್ಪ್ರೇ ಹೊಡೆದಿದ್ದರು. ಹೊರಗೆ ಮಳೆ, ಶಟರ್ ಮುಕ್ಕಾಲು ಇಳಿಸಿತ್ತು. ಹೂವು, ಕುಂಕುಮ ಎಲ್ಲ ಆದ ಮೇಲೆ ಒಬ್ಬ ಕರ್ಪೂರದ ತಟ್ಟೆಯನ್ನು ಲೇತ್ ಮುಂದೆ ನೆಲಕ್ಕೆ ಇಡಲು ಬಗ್ಗಿದ, ಅಷ್ಟೇ. ಭಗ್ ಅಂತ ಒಂದು ನೀಲಿ ಉರಿ ನೆಲ ಹಿಡಿದುಕೊಂಡೇ ಲೇತ್ ಅಡಿಗೆ ಓಡಿಹೋಯಿತು. ಅವನ ಕೈ ಮೇಲಿನ ಕೂದಲು ಸುಟ್ಟಿತು, ಬೇರೇನೂ ಆಗಲಿಲ್ಲ. ಪೇಂಟ್ ವಾಸನೆ ಎಲ್ಲರಿಗೂ ಬರುತ್ತಿತ್ತು. ಗ್ಯಾಸ್ ವಾಸನೆ ಮಾತ್ರ ಯಾರಿಗೂ ಬರಲಿಲ್ಲ.

ಬರುವುದೂ ಇಲ್ಲ. ಸ್ಪ್ರೇ ಡಬ್ಬದೊಳಗೆ ಪೇಂಟನ್ನೋ ಎಣ್ಣೆಯನ್ನೋ ಹೊರಗೆ ತಳ್ಳುವುದು ಹೆಚ್ಚಾಗಿ ಪ್ರೊಪೇನ್, ಬ್ಯೂಟೇನ್. ಅಂದರೆ ಅಡುಗೆ ಮನೆಯ ಸಿಲಿಂಡರ್‌ನಲ್ಲಿರುವ ಅದೇ ಜಾತಿಯ ಗ್ಯಾಸ್. ಸೋರಿದರೆ ಗೊತ್ತಾಗಲಿ ಅಂತ ಅಡುಗೆ ಗ್ಯಾಸ್‌ಗೆ ಬೇಕಂತಲೇ ಕೆಟ್ಟ ವಾಸನೆ ಸೇರಿಸುತ್ತಾರೆ, ಡಬ್ಬದ ಗ್ಯಾಸ್‌ಗೆ ಸಾಮಾನ್ಯವಾಗಿ ಅದು ಇರುವುದಿಲ್ಲ. ಇನ್ನೊಂದು ತೊಂದರೆ, ಇದು ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದಲ್ಲಿ ಹರಡಿ, ಚರಂಡಿಗೆ, ಗ್ಯಾರೇಜಿನ ಗುಂಡಿಗೆ, ಮೆಷಿನ್ ಅಡಿಗೆ ಇಳಿದು ಕೂರುತ್ತದೆ. ಗಾಳಿಯಲ್ಲಿ ಸುಮಾರು 2 ಶೇಕಡಾ ಇದ್ದರೂ ಸಾಕು, ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿ: ದ್ರವರೂಪದ 100 ಮಿಲಿ ಗ್ಯಾಸ್ ಹೊರಗೆ ಬಂದರೆ ಸುಮಾರು 25 ಲೀಟರ್ ಆಗುತ್ತದೆ. ಅಷ್ಟರಿಂದ ಆರು ಆಯಿಲ್ ಡ್ರಮ್ ತುಂಬುವಷ್ಟು ಗಾಳಿ ಬೆಂಕಿಗೆ ತಯಾರಾಗಿ ನಿಲ್ಲುತ್ತದೆ. ಮನೆಯ ಸಿಲಿಂಡರ್‌ಗೆ ಎಷ್ಟು ಹೆದರುತ್ತೀವಿ, ಈ ಡಬ್ಬಗಳನ್ನು ಮಾತ್ರ ಕಿಟಕಿ ಕಟ್ಟೆ ಮೇಲೆ ಸುಮ್ನೆ ಸಾಲಾಗಿ ಜೋಡಿಸಿಡುತ್ತೀವಿ, ಅಲ್ವಾ?

ಹಾಗಾದರೆ ಎಲ್ಲಿಡಬೇಕು? ಬಿಸಿಲು ಬೀಳದ, ಗಾಳಿ ಆಡುವ ಜಾಗದಲ್ಲಿ. ಡಬ್ಬದ ಮೇಲೆ 50 ಡಿಗ್ರಿ ಅಂತ ಬರೆದಿರುತ್ತದೆ, ಅದಕ್ಕಿಂತ ಜಾಸ್ತಿ ಬಿಸಿ ತಾಗಬಾರದು. ನಮ್ಮ ಊರಲ್ಲಿ ಅಷ್ಟು ಸೆಕೆ ಎಲ್ಲಿ ಅನ್ನಬೇಡಿ. ಏಪ್ರಿಲ್‌ನಲ್ಲಿ ಶೀಟ್ ಛಾವಣಿಗೆ ಹತ್ತಿರ ಇರುವ ಮೇಲಿನ ರ‍್ಯಾಕ್‌ಗೆ ಮಧ್ಯಾಹ್ನ ಕೈ ಚಾಚಿ ನೋಡಿ, ಗೊತ್ತಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿಯನ್ನೂ ಮುಟ್ಟಬಹುದು. ಬಿಸಿಯಾದಷ್ಟೂ ಒಳಗಿನ ಒತ್ತಡ ಏರುತ್ತದೆ, ಕೊನೆಗೆ ತಳ ಕಿತ್ತುಕೊಂಡು ಡಬ್ಬ ರಾಕೆಟ್ ಥರ ಹಾರುತ್ತದೆ.

ಬೀಗ ಹಾಕುವ ಕಬ್ಬಿಣದ ಬೀರು ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ಆದರೆ ತೂತಿಲ್ಲದ ಬೀರುವಿನಲ್ಲಿ ಒಂದು ಡಬ್ಬ ಸೋರಿದರೂ ಗ್ಯಾಸ್ ಅಲ್ಲೇ ತುಂಬಿಕೊಳ್ಳುತ್ತದೆ. ಗಟ್ಟಿ ವೆಲ್ಡ್ ಮೆಶ್‌ನ, ಅಂದರೆ ಬೆಸೆದ ಕಬ್ಬಿಣದ ಜಾಲರಿಯ, ಪಂಜರ ಮಾಡಿಸಿ. ನಾಲ್ಕೂ ಕಡೆ ಮೆಶ್, ಮೇಲೂ ಮೆಶ್, ಬಾಗಿಲಿಗೆ ಬೀಗ. ಗಾಳಿ ಆಡುತ್ತದೆ, ಬೆಂಕಿ ಬಿದ್ದರೆ ಹಾರುವ ಡಬ್ಬವೂ ಅದರೊಳಗೇ ಉಳಿಯುತ್ತದೆ. ಫ್ಯಾಬ್ರಿಕೇಶನ್ ಶೆಡ್ ಇಟ್ಟುಕೊಂಡವರಿಗೆ ಇದು ಅರ್ಧ ದಿನದ ಕೆಲಸ! ಗೋಡೆಗೆ ಗಾಳಿಕಿಂಡಿ ಇಡುವುದಾದರೆ ನೆಲದ ಹತ್ತಿರವೂ ಒಂದು ಇರಲಿ, ಬರೀ ಮೇಲಿಟ್ಟರೆ ಈ ಗ್ಯಾಸ್‌ಗೆ ಉಪಯೋಗವಿಲ್ಲ. ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್, ಆ್ಯಸಿಡ್, ಬ್ಯಾಟರಿ ಚಾರ್ಜರ್ ಬೇಡ. ಡಬ್ಬಗಳು ನೆಟ್ಟಗೆ ನಿಂತಿರಲಿ, ಮುಚ್ಚಳ ಹಾಕಿರಲಿ. ಮೊದಲು ತಂದದ್ದನ್ನು ಮೊದಲು ಖರ್ಚು ಮಾಡಿ. ತಳದ ಅಂಚಿಗೆ ತುಕ್ಕು ಹಿಡಿದಿದ್ದರೆ, ನೆಗ್ಗಿದ್ದರೆ, ಅದನ್ನು ಹೊರಗೆ ನೆರಳಲ್ಲಿ ಬೇರೆ ಇಡಿ.

ಕೆಲಸದ ಜಾಗಕ್ಕೆ ಆ ಶಿಫ್ಟಿಗೆ ಬೇಕಾದಷ್ಟೇ ಕೊಡಿ. ಹೊಡೆಯುವ ಮುಂಚೆ ಶಟರ್ ಪೂರ್ತಿ ಎತ್ತಿ, ಸುತ್ತಮುತ್ತ ಗ್ರೈಂಡರ್, ವೆಲ್ಡಿಂಗ್ ನಿಲ್ಲಿಸಿ. ಬೀಡಿ, ಸಿಗರೇಟಿನ ವಿಷಯ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ಗುಂಡಿಯೊಳಗೆ ಇಳಿದು ಸ್ಪ್ರೇ ಹೊಡೆಯಲೇಬೇಡಿ, ಬ್ರಷ್ ತಗೊಳ್ಳಿ. ಡಬ್ಬವನ್ನು ತಲೆಕೆಳಗೆ ಮಾಡಿ ಹೊಡೆದರೆ ಬರೀ ಗ್ಯಾಸ್ ಬರುತ್ತದೆ. ದ್ರವರೂಪದ ಗ್ಯಾಸ್ ಚರ್ಮಕ್ಕೆ ತಾಗಿದರೆ ಮಂಜುಗಡ್ಡೆ ಕಚ್ಚಿದ ಹಾಗೆ ಗಾಯವಾಗಬಹುದು. ಸ್ಪ್ರೇ ಕಣ್ಣಿಗೆ ಬಿದ್ದರೆ 15 ನಿಮಿಷ ನಲ್ಲಿ ನೀರು ಬಿಟ್ಟುಕೊಂಡು, ಆಮೇಲೆ ಡಾಕ್ಟರ್ ಹತ್ತಿರ ಹೋಗಿ.

ವೆಲ್ಡಿಂಗ್ ಮಾಡುವವರಿಗೆ ಒಂದು ಮಾತು. ಎಣ್ಣೆ ಜಿಡ್ಡು ತೆಗೆಯುವ ಕೆಲವು ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ. ಬೆಂಕಿ ಹತ್ತುವುದಿಲ್ಲ ಅಂತ ಅದನ್ನೇ ಸುರಕ್ಷಿತ ಅನ್ನುತ್ತಾರೆ. ಅದರಿಂದ ಒರೆಸಿದ ಕಬ್ಬಿಣ ಒಣಗುವ ಮೊದಲೇ ಆರ್ಕ್ ಹಚ್ಚಿದರೆ ಫಾಸ್ಜೀನ್ ಹುಟ್ಟುತ್ತದೆ, ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ವಿಷಾನಿಲ. ಡಬ್ಬದ ಹಿಂದೆ ಕ್ಲೋರೋ ಅಂತ ಸೇರಿರುವ ಹೆಸರು ಕಂಡರೆ ವೆಲ್ಡಿಂಗ್ ಕಡೆಗೆ ತರಲೇಬೇಡಿ.

ಖಾಲಿ ಡಬ್ಬವೂ ಪೂರ್ತಿ ಖಾಲಿಯಲ್ಲ, ಪೇಂಟ್ ಮುಗಿದಿರುತ್ತದೆ, ಗ್ಯಾಸ್ ಉಳಿದಿರುತ್ತದೆ. ಮೊಳೆ ಹೊಡೆಯಬೇಡಿ, ಕಸದ ಬೆಂಕಿಗೆ ಎಸೆಯಬೇಡಿ. ಬಯಲಲ್ಲಿ, ಬೆಂಕಿಯಿಂದ ದೂರ ನಿಂತು, ಬುಸ್ ಅನ್ನುವುದು ನಿಲ್ಲುವವರೆಗೆ ಒತ್ತಿ. ಗುಜರಿಯವನ ಮೂಟೆಗೆ ಸೇರಿಸಬೇಡಿ, ಅವನು ಅದನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡುತ್ತಾನೆ. ಬೇರೆ ಬುಟ್ಟಿಯಲ್ಲಿ ಕೂಡಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಕೊಡಿ.

ಡಬ್ಬ ಇಟ್ಟ ಜಾಗಕ್ಕೇ ಬೆಂಕಿ ಬಿದ್ದರೆ ಶೌರ್ಯ ಬೇಡ. ಎಲ್ಲರನ್ನೂ ಹೊರಗೆ ಕಳಿಸಿ, 112ಕ್ಕೆ ಫೋನ್ ಮಾಡಿ, ಒಳಗೆ ಸ್ಪ್ರೇ ಡಬ್ಬಗಳಿವೆ ಅಂತ ಫೈರ್‌ನವರಿಗೆ ಮೊದಲೇ ಹೇಳಿ.

ಆಯುಧ ಪೂಜೆ ಈಗಲೂ ಜೋರಾಗೇ ಮಾಡುತ್ತೇವೆ. ಸಿಲ್ವರ್ ಹೊಡೆಯುವುದು ಎರಡು ದಿನ ಮುಂಚೆ, ಶಟರ್ ಪೂರ್ತಿ ಎತ್ತಿ. ಪೂಜೆ ದಿನ ಡಬ್ಬಗಳೆಲ್ಲ ಪಂಜರದಲ್ಲಿ, ಬೀಗದ ಕೈ ನನ್ನ ಜೇಬಲ್ಲಿ. ಕರ್ಪೂರ, ಕುಂಬಳಕಾಯಿ ಎರಡೂ ಗೇಟ್ ಹತ್ತಿರ.