ತೂಕದ ದಿಂಬು, ಗುಳ್ಳೆಯ ಕೊಳವೆ: ಮಾನಸಿಕ ಆರೋಗ್ಯ ವಾರ್ಡಿಗೆ ಇಂದ್ರಿಯ ಚಿಕಿತ್ಸೆಯ ಸಾಧನ ಮಾಡಿದ ಅನುಭವ

ತೊಡೆಯ ಮೇಲಿನ ತೂಕದ ದಿಂಬನ್ನು ರೋಗಿ ತಾನೇ ಎತ್ತಿ ಪಕ್ಕಕ್ಕಿಡಲು ಆಗಬೇಕು. ಗುಳ್ಳೆ ಏಳುವ ದೀಪದ ಕೊಳವೆಯನ್ನು ರೋಗಿಯೇ ಹಚ್ಚಬೇಕು, ರೋಗಿಯೇ ಆರಿಸಬೇಕು. ಬೆಂಗಳೂರಿನ ಒಂದು ಮಾನಸಿಕ ಆರೋಗ್ಯ ವಾರ್ಡಿನ ಇಂದ್ರಿಯ ಚಿಕಿತ್ಸೆಯ ಕೋಣೆಗೆ, ಅಂದರೆ ಸ್ಪರ್ಶ, ಬೆಳಕು, ಸದ್ದು, ವಾಸನೆಯಿಂದ ಮನಸ್ಸಿಗೆ ಸಮಾಧಾನ ತರುವ ಕೋಣೆಗೆ ಸಾಧನಗಳನ್ನು ಮಾಡುವಾಗ ಆಕ್ಯುಪೇಶನಲ್ ಥೆರಪಿಸ್ಟ್, ಫ್ಯಾಬ್ರಿಕೇಶನ್‌ನವರು, ಟೈಲರ್ ಎಲ್ಲರೂ ಸೇರಿ ನಾವು ಮೊದಲು ಕೇಳಿಕೊಳ್ಳುತ್ತಿದ್ದದ್ದು ಇದನ್ನೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ರೋಗಿಯನ್ನು ಒಂಟಿಯಾಗಿ ಕೂಡಿಹಾಕುವುದನ್ನು ನಿಷೇಧಿಸುತ್ತದೆ. ಕಟ್ಟಿಹಾಕಬೇಕಾದರೆ ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇರಬಾರದು, ಮನೋವೈದ್ಯರ ಒಪ್ಪಿಗೆಯೂ ಇರಬೇಕು. ಐದು ಕೆ.ಜಿ. ತೂಕದ ಹೊದಿಕೆಯನ್ನು ಬೇರೆಯವರು ಹೊದಿಸಿ, ರೋಗಿಗೆ ಅದನ್ನು ಸರಿಸಲು ಆಗದೆ ಹೋದರೆ ಅದೂ ಕಟ್ಟಿಹಾಕಿದಂತೆಯೇ. ಸಾಧನ ಎಷ್ಟು ಮೆತ್ತಗಿದ್ದರೂ ಅಷ್ಟೇ.

ಇಂಥ ಕೋಣೆಗಳಿಗೆ ಮಾದರಿಯಾದ ‘ಸ್ನೂಝಲೆನ್’ ಎಂಬ ಇಂದ್ರಿಯ ಕೋಣೆ 1970ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ, ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ಶುರುವಾಯಿತು. ಅಲ್ಲಿನ ಸಾಮಾನನ್ನು ಹಾಗೆಯೇ ತಂದು ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳಿಸುವ, ಭ್ರಮೆಗೊಳಗಾಗುವ ಕಾಯಿಲೆ) ಇರುವವರ ವಾರ್ಡಿನಲ್ಲಿಟ್ಟರೆ ಎಡವಟ್ಟಾಗುತ್ತದೆ. ಗೋಡೆಯ ತುಂಬ ಕನ್ನಡಿ, ಮರೆಯಲ್ಲಿಟ್ಟ ಸ್ಪೀಕರ್, ಸೀಲಿಂಗಿನಲ್ಲಿ ಕಪ್ಪು ಬುರುಡೆಯಂಥ ಪ್ರೊಜೆಕ್ಟರ್. ಯಾರೋ ತನ್ನನ್ನು ಗಮನಿಸುತ್ತಿದ್ದಾರೆ, ಕಾಣದ ಕಡೆಯಿಂದ ಮಾತು ಕೇಳಿಸುತ್ತಿದೆ ಎಂದು ಒದ್ದಾಡುವವರಿಗೆ ಇವು ಮೂರೂ ಆಗುವುದಿಲ್ಲ. ಕನ್ನಡಿಯನ್ನು ಕೈಬಿಟ್ಟೆವು. ಸ್ಪೀಕರನ್ನು ಕಣ್ಣಿಗೆ ಕಾಣುವ ಹಾಗೆ, ಸದ್ದು ಹೆಚ್ಚು ಕಡಿಮೆ ಮಾಡುವ ದೊಡ್ಡ ತಿರುಗಣೆಯ ಸಮೇತ ಮುಂದೆಯೇ ಇಟ್ಟೆವು. ಪ್ರೊಜೆಕ್ಟರ್ ತರಲೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದು ತೊಡೆಯ ಮೇಲಿಡುವ 2 ಕೆ.ಜಿ.ಯ ದಿಂಬು. ಹೊಸದಾಗಿ ಮಾಡುವವರು ಇದರಿಂದಲೇ ಶುರು ಮಾಡಲಿ. ಒಳಗೆ ಏನು ತುಂಬಬೇಕು ಎನ್ನುವುದರಲ್ಲೇ ಅರ್ಧ ಕೆಲಸವಿದೆ. ರಾಗಿ ತುಂಬಿದರೆ ಕೈಗೆ ಹಿತ, ಆದರೆ ಮಳೆಗಾಲದಲ್ಲಿ ಹುಳ ಬೀಳುತ್ತದೆ, ಇಲಿ ಬರುತ್ತದೆ. ಹುಣಸೆ ಬೀಜ ಗಟ್ಟಿ, ಅಗ್ಗ, ಒತ್ತಿದರೆ ಸೊಗಸಾದ ಸದ್ದು. ಒಗೆಯಲು ಮಾತ್ರ ಬರುವುದಿಲ್ಲ. ಮರಳು ಹೊಲಿಗೆಯಲ್ಲಿ ಸೋರುತ್ತದೆ, ತೇವ ಹಿಡಿದು ವಾಸನೆ ಬರುತ್ತದೆ. ಕಬ್ಬಿಣದ ಗುಂಡು ತುಕ್ಕು ಹಿಡಿಯುತ್ತದೆ. ಪೀಣ್ಯದ ಕಡೆ ಬ್ಲಾಸ್ಟಿಂಗ್ ಕೆಲಸಕ್ಕೆ (ಲೋಹಕ್ಕೆ ರಭಸದಿಂದ ಎರಚಿ ಶುಚಿ ಮಾಡಲು) ಬಳಸುವ ಗಾಜಿನ ಮಣಿಯಲ್ಲಿ 0.8ರಿಂದ 1 ಮಿ.ಮೀ. ಗಾತ್ರದ್ದನ್ನು ಆರಿಸಿಕೊಂಡೆವು. ಅದಕ್ಕಿಂತ ಸಣ್ಣದು ಸೂಜಿಯ ತೂತಿನಲ್ಲೇ ಜಾರಿ ಹೋಗುತ್ತದೆ. ಗುಂಡಗಿರುವುದರಿಂದ ಕೈಗೆ ಚುಚ್ಚುವುದಿಲ್ಲ. ನೆಲಕ್ಕೆ ಚೆಲ್ಲಿದರೆ ಮಾತ್ರ ಕಾಲು ಜಾರುವುದು ಖಂಡಿತ. ಹಾಗಾಗಿ ಹೊಲಿಗೆಯಲ್ಲಿ ರಾಜಿ ಇಲ್ಲ.

ದಪ್ಪ ಡ್ರಿಲ್ ಬಟ್ಟೆಯನ್ನು 51×35 ಸೆಂ.ಮೀ. ಅಳತೆಗೆ ಎರಡು ಪದರ ಕತ್ತರಿಸಿ. ಸುತ್ತ ಒಂದೂವರೆ ಸೆಂ.ಮೀ. ಹೊಲಿಗೆಗೆ ಬಿಟ್ಟರೆ ಒಳಗೆ 48×32 ಉಳಿಯುತ್ತದೆ. ಮೂರು ಬದಿ ಡಬಲ್ ಹೊಲಿಗೆ ಹಾಕಿ, ಮೇಲಿನ 48 ಸೆಂ.ಮೀ. ಬದಿಯನ್ನು ತೆರೆದೇ ಬಿಡಿ. ಉದ್ದಕ್ಕೆ 8 ಸೆಂ.ಮೀ.ಗೊಂದು ಗೆರೆ ಹೊಲಿದರೆ ಆರು ಕಂಬಗಳಾಗುತ್ತವೆ. ಪ್ರತಿ ಕಂಬಕ್ಕೆ 83 ಗ್ರಾಂ ಮಣಿ ಸುರಿದು, ಕೆಳಗೆ ಕುಲುಕಿ, 8 ಸೆಂ.ಮೀ. ಎತ್ತರದಲ್ಲಿ ಅಡ್ಡ ಹೊಲಿಗೆ. ಹೀಗೆ ನಾಲ್ಕು ಸಾಲು ಮಾಡಿದರೆ 24 ಗೂಡು, ಸುಮಾರು 2 ಕೆ.ಜಿ. ಪ್ರತಿ ಗೂಡು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿರುತ್ತದೆ. ಪೂರ್ತಿ ಬಿಗಿದು ತುಂಬಿದರೆ ಹಲಗೆಯಂತಾಗಿ ತೊಡೆಯ ಆಕಾರಕ್ಕೆ ಒಗ್ಗುವುದಿಲ್ಲ. ಅಡ್ಡ ಹೊಲಿಗೆಯ ಗೆರೆಯಲ್ಲಿ ಒಂದೇ ಒಂದು ಮಣಿ ಉಳಿದಿದ್ದರೂ ಸೂಜಿ ಪಟ್ ಎಂದು ಮುರಿಯುತ್ತದೆ, ಮುರಿದ ತುದಿ ಒಳಗೇ ಉಳಿಯುವ ಅಪಾಯ. ಗೆರೆಯ ಕೆಳಗೆ ಮರದ ಅಡಿಕೋಲನ್ನು ಒತ್ತಿ ಕ್ಲಿಪ್ ಹಾಕಿ ಹೊಲಿದರೆ ಮಣಿ ಮೇಲೆ ಬರುವುದಿಲ್ಲ. 16ನೇ ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, ಎರಡೂವರೆ ಮಿ.ಮೀ. ಹೊಲಿಗೆ. ಸೂಜಿ ಮುರಿದರೆ ಎರಡೂ ತುಂಡು ಕೈಗೆ ಸಿಗುವವರೆಗೆ ಆ ದಿಂಬನ್ನು ಮುಂದಕ್ಕೆ ಬಿಡಬೇಡಿ.

ಹೊರಗವಸಿಗೆ ಜಿಪ್ ಬೇಡ. ಅದರ ರನ್ನರನ್ನು ಕಿತ್ತು ನುಂಗಬಹುದು, ಅದರಿಂದ ಚರ್ಮ ಕೊಯ್ದುಕೊಳ್ಳಬಹುದು. ವೆಲ್ಕ್ರೋ ಪರ್ರ್ ಎಂದು ಕಿರುಚುತ್ತದೆ. ಶಬ್ದಕ್ಕೆ ಬೆಚ್ಚುವವರಿಗೆ ಅದೊಂದೇ ಸಾಕು ದಿಂಬನ್ನು ಬೇಡವೆನ್ನಲು. ತಲೆದಿಂಬಿನ ಗವಸಿನ ಹಾಗೆ 12 ಸೆಂ.ಮೀ. ಒಳಮಡಿಕೆ ಬಿಟ್ಟರೆ ಏನೂ ಬೇಕಿಲ್ಲ. ಬಟ್ಟೆ ಚಿಕ್ಕಪೇಟೆಯದ್ದೇ ಸಾಕು, ಆದರೆ ಬಿಸಿನೀರಿನಲ್ಲಿ ಒಗೆದು ಕುಗ್ಗಿಸಿ ಆಮೇಲೆ ಕತ್ತರಿಸಿ. ಆಸ್ಪತ್ರೆಯ ಲಾಂಡ್ರಿಯಲ್ಲಿ 71 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ತಡೆದುಕೊಳ್ಳಬೇಕು. ಸಿದ್ಧವಾದ ದಿಂಬನ್ನು ಎದೆಯೆತ್ತರದಿಂದ ಹತ್ತು ಸಲ ನೆಲಕ್ಕೆ ಬೀಳಿಸಿ, ಐದು ಸಲ ಒಗೆದು, ಒಣಗಿಸಿ, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. ಆ ತೂಕವನ್ನು ಅಳಿಸಲಾಗದ ಮಾರ್ಕರ್‌ನಿಂದ ಒಳಬಟ್ಟೆಯ ಮೇಲೇ ಬರೆಯಿರಿ. ತಿಂಗಳಿಗೊಮ್ಮೆ ತೂಗುವಾಗ 5 ಗ್ರಾಂ ಕಡಿಮೆ ಬಂದರೂ ಎಲ್ಲೋ ಸೋರುತ್ತಿದೆ ಎಂದರ್ಥ. ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಗೆ ಗೊತ್ತಾಗುತ್ತದೆ.

ಹೊದಿಕೆಯೂ ಹೀಗೆಯೇ, ಗೂಡು ಮಾತ್ರ 10 ಸೆಂ.ಮೀ. ದೇಹದ ತೂಕದ ಹತ್ತನೇ ಒಂದು ಭಾಗ ಎಂಬ ಲೆಕ್ಕ ಎಲ್ಲೆಡೆ ಚಾಲ್ತಿಯಲ್ಲಿದೆ. ಅಂದರೆ 50 ಕೆ.ಜಿ. ಇರುವವರಿಗೆ 5 ಕೆ.ಜಿ. ಅದು ಅಂದಾಜು ಅಷ್ಟೇ. ನಾವು 3 ಕೆ.ಜಿ.ಯಿಂದ ಶುರು ಮಾಡಿ, ಕುಳಿತಾಗ ಮಾತ್ರ, ಎದೆಯ ಕೆಳಗೆ, 15ರಿಂದ 20 ನಿಮಿಷ ಕೊಡುತ್ತೇವೆ. ಉಬ್ಬಸ ಇರುವವರಿಗೆ, ಮಂಪರಿನ ಇಂಜೆಕ್ಷನ್ ಕೊಟ್ಟ ಮೇಲೆ, ಇಸಿಟಿ (ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಆಗಿ ಪೂರ್ತಿ ಎಚ್ಚರವಾಗುವ ಮುನ್ನ ಕೊಡುವುದೇ ಇಲ್ಲ. ಮನೋರೋಗದ ಹಲವು ಔಷಧಿಗಳು ದೇಹ ತನ್ನ ಬಿಸಿಯನ್ನು ಹೊರಹಾಕುವ ಶಕ್ತಿಯನ್ನು ಕುಗ್ಗಿಸುತ್ತವೆ. ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುವವರಿಗೆ ಬೆವರಿ ನೀರು ಕಡಿಮೆಯಾಗುವುದು ಅಪಾಯ. ಏಪ್ರಿಲ್ ಸೆಕೆಯಲ್ಲಿ ಹೊದಿಕೆಯನ್ನು ಕಪಾಟಿನಲ್ಲಿಟ್ಟು ದಿಂಬನ್ನಷ್ಟೇ ಕೊಡುವುದು ಒಳ್ಳೆಯದು.

ಇನ್ನು ಗುಳ್ಳೆಯ ಕೊಳವೆ. ಇದು ಎಲ್ಲರ ಕಣ್ಣು ಸೆಳೆಯುತ್ತದೆ, ಕೆಡುವುದೂ ಇದೇ ಹೆಚ್ಚು. 15 ಸೆಂ.ಮೀ. ಹೊರವ್ಯಾಸ, 5 ಮಿ.ಮೀ. ದಪ್ಪ, 120 ಸೆಂ.ಮೀ. ಎತ್ತರದ ಅಕ್ರಿಲಿಕ್ ಕೊಳವೆಗೆ 110 ಸೆಂ.ಮೀ.ವರೆಗೆ ನೀರು ತುಂಬಿದರೆ 17 ಲೀಟರ್, ಅಂದರೆ 17 ಕೆ.ಜಿ. ಅಡಿಯಲ್ಲಿ 18 ಮಿ.ಮೀ. ಪ್ಲೈವುಡ್ ಪೆಟ್ಟಿಗೆ, ಅದಕ್ಕೇ ಕೂರುವ ಮೆತ್ತೆ. ಪೆಟ್ಟು ಬಿದ್ದರೆ ಅಕ್ರಿಲಿಕ್ ಚೂಪು ಚೂರುಗಳಾಗಿ ಒಡೆಯುವುದರಿಂದ ಕೊಳವೆಯ ಮುಂದುಗಡೆ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಹಾಳೆ ಬೇಕೇ ಬೇಕು.

ಅಕ್ವೇರಿಯಂ ಅಂಗಡಿಯ ಸಣ್ಣ ಪಂಪ್ ಹಾಕಿ ಮೊದಲ ಸಲ ಸೋತೆವು. 110 ಸೆಂ.ಮೀ. ನೀರಿನಡಿ ಒತ್ತಡ ಸುಮಾರು 0.11 ಬಾರ್, ಆ ಪಂಪಿಗೆ ಅಷ್ಟು ದಮ್ಮಿಲ್ಲ. ಡಬ್ಬಿಯ ಮೇಲೆ 0.02 ಮೆಗಾಪಾಸ್ಕಲ್ (ಅಂದರೆ 0.2 ಬಾರ್) ಅಥವಾ ಹೆಚ್ಚು ಎಂದು ಬರೆದಿರುವ ಪಂಪ್ ಬೇಕು. ಬೆಂಗಳೂರಿನಲ್ಲಿ ಕರೆಂಟ್ ಹೋಗುವುದು ಮಾಮೂಲು. ಪಂಪ್ ನಿಂತ ಕ್ಷಣ ನೀರು ಗಾಳಿಯ ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ, ಅಂದರೆ 230 ವೋಲ್ಟ್ ಇರುವ ಕಡೆಗೆ ಬರುತ್ತದೆ. ಅದಕ್ಕೇ ಪಂಪನ್ನು ಗೋಡೆಯಾಚೆ ನೀರಿನ ಮಟ್ಟಕ್ಕಿಂತ ಮೇಲಿಟ್ಟು, ಪೈಪಿನಲ್ಲಿ ನೀರನ್ನು ಹಿಂದಕ್ಕೆ ಬಿಡದ ಎರಡು ನಾನ್ ರಿಟರ್ನ್ ವಾಲ್ವ್ ಹಾಕಿದ್ದೇವೆ. ಗುಂಯ್ ಎನ್ನುವ ಸದ್ದೂ ಕೋಣೆಯಾಚೆಗೇ ಉಳಿಯಿತು. ಕೋಣೆಯೊಳಗೆ ಬರುವುದು 12 ವೋಲ್ಟ್ ಮಾತ್ರ. ಜನರೇಟರ್ ಬಂದಾಗ ದೀಪ, ಗುಳ್ಳೆ ತಾವಾಗಿ ಶುರುವಾಗಬಾರದು. ರೋಗಿ ಮತ್ತೆ ಒತ್ತಿದರಷ್ಟೇ ಶುರು.

ನೀರು ಬೋರ್‌ವೆಲ್‌ನದಾದರೆ ವಾರಗಳಲ್ಲೇ ಕೊಳವೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಐದು ಲೀಟರಿನ ನಾಲ್ಕು ಕ್ಯಾನ್ ತಂದರೆ ತುಂಬಿಸಿ ಮೂರು ಲೀಟರ್ ಮಿಗುತ್ತದೆ, ಆವಿಯಾದದ್ದಕ್ಕೆ ಸೇರಿಸಲು. ಪಾಚಿ ಕಟ್ಟುವ ಮೊದಲೇ ಎರಡು ತಿಂಗಳಿಗೊಮ್ಮೆ ಬದಲಿಸಿ. ಅಡಿಯಲ್ಲಿ ಅರ್ಧ ಇಂಚಿನ ಬಾಲ್ ವಾಲ್ವ್ ಇಡಲು ಮರೆತರೆ ಪ್ರತಿ ಸಲವೂ 17 ಲೀಟರನ್ನು ಪೈಪಿನಲ್ಲಿ ಎಳೆದು ತೆಗೆಯಬೇಕು.

ದೀಪದ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ. ವಾರ್ಡಿನಲ್ಲಿ ಮೂರ್ಛೆರೋಗ ಇರುವವರೂ ಇರುತ್ತಾರೆ, ಕ್ಲೋಜಪಿನ್‌ನಂಥ ಮನೋರೋಗದ ಔಷಧಿ ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ಬೆಳಕು ಬೇಡವೇ ಬೇಡ; ಬಣ್ಣ ಬದಲಾಗಲು ನಾಲ್ಕೈದು ಸೆಕೆಂಡ್ ಬೇಕು. ಎಸ್.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ ಎಲ್‌ಇಡಿ ಕಂಟ್ರೋಲರ್‌ಗಳ ರಿಮೋಟಿನಲ್ಲಿ ಫ್ಲಾಶ್, ಸ್ಟ್ರೋಬ್ ಗುಂಡಿಗಳಿರುತ್ತವೆ, ಕೈತಪ್ಪಿ ಒತ್ತಿದರೆ ಮುಗಿಯಿತು. ನಾವು ಆರ್ಡುಯಿನೊ ಊನೊ ಎಂಬ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡಿನಿಂದ ನಡೆಸುತ್ತೇವೆ. ಅದರ 5 ಮತ್ತು 6ನೇ ಪಿನ್‌ಗಳ ಪಿಡಬ್ಲ್ಯುಎಂ (ದೀಪವನ್ನು ಕಣ್ಣಿಗೆ ಕಾಣದಷ್ಟು ಬೇಗ ಹಚ್ಚಿ ಆರಿಸಿ ಬೆಳಕನ್ನು ಮಂದ ಮಾಡುವ ವಿಧಾನ) ಸುಮಾರು 980 ಹರ್ಟ್ಜ್, ಅಂದರೆ ಸೆಕೆಂಡಿಗೆ 980 ಸಲ; ಉಳಿದವುಗಳದು 490. ದೀಪಕ್ಕೆ ಮೊದಲಿನವೇ ಇರಲಿ. ದೀಪ ಮಂದವಾಗಿರುವಾಗ ಅದರ ಮುಂದೆ ಪೆನ್ಸಿಲನ್ನು ಬೇಗ ಬೇಗ ಆಡಿಸಿ ನೋಡಿ. ಒಂದರ ಪಕ್ಕ ಒಂದು ಬಿಡಿಬಿಡಿ ಪೆನ್ಸಿಲ್ ಕಂಡರೆ ಬೆಳಕು ಮಿನುಗುತ್ತಿದೆ. ಗುಂಡಿ ಅಂಗೈ ಅಗಲದ್ದಿರಬೇಕು. ಔಷಧಿಯಿಂದ ಕೈ ನಡುಗುವವರು ಒತ್ತಿದರೆ ಎರಡು ಸಲ ಒತ್ತಿದಂತಾಗಿ ದೀಪ ಹತ್ತಿ ಆರುತ್ತದೆ. ಮೊದಲ ಒತ್ತಿನ ಬಳಿಕ ಅರ್ಧ ಸೆಕೆಂಡ್ ಏನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಪ್ರೋಗ್ರಾಂ ಬರೆಯಿರಿ.

ವಾರ್ಡಿನ ಅಟೆಂಡರ್‌ಗಳು ಕೈಗೆ ಸಿಕ್ಕಿದ್ದನ್ನೆಲ್ಲ ಸ್ಪಿರಿಟ್ ಹಚ್ಚಿ ಒರೆಸುತ್ತಾರೆ. ಅವರ ಕೆಲಸವೇ ಅದು. ಆದರೆ ಸ್ಪಿರಿಟ್ ತಾಗಿದ ಅಕ್ರಿಲಿಕ್ ಮೇಲೆ ಕೂದಲೆಳೆಯಂಥ ಬಿರುಕುಗಳ ಬಲೆ ಹರಡುತ್ತದೆ, ರೆಕ್ಸಿನ್ ಒರಟಾಗಿ ಸೀಳುತ್ತದೆ. ಕೈಯಲ್ಲಿ ಆಡಿಸಲು ಚನ್ನಪಟ್ಟಣದ ಆಲೆಮರದ 6 ಸೆಂ.ಮೀ. ಗುಂಡು ತರಿಸಿದ್ದೆವು, ಅದರ ಮೇಲಿನ ಅರಗು ಸ್ಪಿರಿಟ್‌ನಲ್ಲಿ ಕರಗಿ ಬಣ್ಣ ಬೆರಳಿಗೆ ಅಂಟಿತು. ಈಗ ಪ್ರತಿ ಸಾಧನದ ಮೇಲೂ ಸೋಪು ನೀರಿನ ಬಕೆಟ್ಟಿನ ಚಿತ್ರ ಅಂಟಿಸಿದ್ದೇವೆ. ಅಕ್ಷರಕ್ಕಿಂತ ಚಿತ್ರ ವಾಸಿ, ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಮಾತಿನವರಿಗೂ ಅರ್ಥವಾಗುತ್ತದೆ.

ಕೈಯಾಟಿಕೆಯ ಸಾಮಾನಿನಲ್ಲಿ ಮೂರನ್ನು ವಾರ್ಡಿನ ಬಾಗಿಲೊಳಗೇ ಬಿಡಬೇಡಿ: ಗುಂಡಿ ಬ್ಯಾಟರಿ, ಮ್ಯಾಗ್ನೆಟ್, ನೀರು ಹೀರಿ ಉಬ್ಬುವ ಜೆಲ್ ಮಣಿ. ನುಂಗಿದ ಗುಂಡಿ ಬ್ಯಾಟರಿ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. ವಾಸನೆಗೆ ಕರ್ಪೂರ, ನೀಲಗಿರಿ ಎಣ್ಣೆ ಬೇಡ, ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಲಾವಂಚದ ಬೇರು, ಹುರಿದ ಕಾಫಿ ಬೀಜ, ಒಣಶುಂಠಿ ಇವನ್ನು ಬೇರೆ ಬೇರೆ ಬಟ್ಟೆಯ ಚೀಲದಲ್ಲಿ ಹೊಲಿದು, ಮುಚ್ಚಳದ ಡಬ್ಬಿಯಲ್ಲಿಡಿ. ಊದುಬತ್ತಿ, ಮಲ್ಲಿಗೆ ಕೆಲವರಿಗೆ ದೇವರ ಮನೆ, ಕೆಲವರಿಗೆ ಸಾವಿನ ಮನೆ. ಕೋಣೆಗೆಲ್ಲ ಹರಡುವ ವಾಸನೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಡಬ್ಬಿಯಾದರೆ ಮುಚ್ಚಬಹುದು.

ಮನೆಯ ಹಾಗೆ ಉಯ್ಯಾಲೆ ಹಾಕಿ ಎಂದು ತುಂಬ ಜನ ಕೇಳುತ್ತಾರೆ. ರೋಗಿ ತನಗೆ ತಾನೇ ಅಪಾಯ ಮಾಡಿಕೊಳ್ಳದಂತೆ, ಸರಪಳಿ, ಕೊಂಡಿ, ಬಟ್ಟೆ ಸಿಕ್ಕಿಸಲು ಆಸರೆಯಾಗುವ ಯಾವುದನ್ನೂ ಈ ವಾರ್ಡಿನಲ್ಲಿ ಹಾಕುವಂತಿಲ್ಲ. ಕೊಳವೆಯ ಮೇಲಿನ ಹಿಡಿಕೆಯ ನೆತ್ತಿಯನ್ನೂ ಇಳಿಜಾರು ಮಾಡಿದ್ದೇವೆ. ಉಯ್ಯಾಲೆಯ ಬದಲು ತೂಗುಕುರ್ಚಿ: ಎತ್ತಿ ಎಸೆಯಲಾಗದಂತೆ ಸೀಟಿನಡಿ ತೂಕ, ಬೆರಳು ಸಿಕ್ಕದಂತೆ ಕಮಾನಿನ ಪಕ್ಕಕ್ಕೆ ಮುಚ್ಚಿಗೆ, ಹಿಂದಕ್ಕೆ ಮಗುಚದಂತೆ ತಡೆ. ಔಷಧಿಯಿಂದ ಎದ್ದಾಗ ಬಿ.ಪಿ. ಇಳಿದು ತಲೆಸುತ್ತುವವರು ಕುರ್ಚಿ ನಿಂತ ಮೇಲೂ ಒಂದು ನಿಮಿಷ ಕೂತಿರಬೇಕು. ಬಿಟ್ಟೂಬಿಡದೆ ತೂಗಿಕೊಳ್ಳುವ, ಕೂತಲ್ಲಿ ಕೂರಲಾಗದೆ ಓಡಾಡುವ ರೋಗಿಗೆ ಕುರ್ಚಿ ಹಿತವೆನಿಸಬಹುದು. ಆದರೆ ಔಷಧಿ ಹೊಸದಾಗಿ ಶುರುವಾಗಿದ್ದರೆ ಅಥವಾ ಡೋಸ್ ಏರಿಸಿದ್ದರೆ ಆ ಚಡಪಡಿಕೆ ಅಕಥೀಸಿಯಾ, ಅಂದರೆ ಔಷಧಿಯದೇ ಅಡ್ಡಪರಿಣಾಮ ಇರಬಹುದು. ಕುರ್ಚಿಯ ಪಕ್ಕದ ಪುಸ್ತಕದಲ್ಲಿ ಸಿಸ್ಟರ್ ಸಮಯ ಬರೆಯುವ ಕಾಲಮ್ಮಿನ ಪಕ್ಕ 'ಔಷಧಿ ಬದಲಾಗಿದೆಯೇ' ಎಂಬ ಇನ್ನೊಂದು ಕಾಲಮ್ಮಿದೆ. ಅಲ್ಲಿ ಹೌದು ಎಂದಿದ್ದರೆ ಅಂದೇ ಡಾಕ್ಟರಿಗೆ ತಿಳಿಸಬೇಕು.